ಪಾರ್ಕಿನ್‌ಸನ್‌ಗೆ ಡಿಬಿಎಸ್: ಹೂಂ ಅನ್ನುವ ಮೊದಲು ಏನು ನೋಡಬೇಕು, ಆಮೇಲೆ ಏನೇನಾಗುತ್ತದೆ

ಮೆದುಳಿನೊಳಗೆ ತಂತಿ ಇಡುತ್ತಾರಂತೆ, ಅದೂ ಎಚ್ಚರ ಇರುವಾಗಲೇ! ಡಿಬಿಎಸ್ ಎಂಬ ಹೆಸರು ಮನೆಯೊಳಗೆ ಮೊದಲ ಸಲ ಬಂದಾಗ ಎಲ್ಲರ ಬಾಯಿಗೂ ಬರುವ ಮಾತು ಇದು. ನಮ್ಮ ಅಪ್ಪನಿಗೆ ಪಾರ್ಕಿನ್‌ಸನ್ ಶುರುವಾಗಿ ಒಂಬತ್ತನೇ ವರ್ಷ. ಡಾಕ್ಟರು "ಇದನ್ನೂ ಒಂದು ಸಲ ಯೋಚಿಸಿ ನೋಡಿ" ಅಂದಾಗ ನಾವೂ ಹೀಗೇ ಬೆಚ್ಚಿದ್ದೆವು. ಆಮೇಲೆ ಒಂದು ವರ್ಷ ಓದಿದ್ದು, ಡಾಕ್ಟರನ್ನು ಕೇಳಿದ್ದು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೇರೆ ಮನೆಯವರಿಂದ ತಿಳಿದುಕೊಂಡಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಪಕ್ಕದಲ್ಲಿ ನಿಂತು ನೋಡಿದವಳು. ಇದನ್ನು ಓದಿ ಮಾತ್ರೆಯ ಅರ್ಧ ತುಂಡನ್ನೂ ಹೆಚ್ಚು ಕಡಿಮೆ ಮಾಡಬೇಡಿ. ಅದು ನಿಮ್ಮ ನರರೋಗ ತಜ್ಞರ ಕೆಲಸ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ಮಾತ್ರೆ ಚೆನ್ನಾಗಿ ಹಿಡಿದ ಹೊತ್ತಿನಲ್ಲಿ ಕಾಯಿಲೆಯವರು ಹೇಗಿರುತ್ತಾರೋ, ಡಿಬಿಎಸ್ ಹೆಚ್ಚು ಕಡಿಮೆ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಅದಕ್ಕಿಂತ ಮೇಲಕ್ಕಲ್ಲ. ಆದರೆ ದಿನದಲ್ಲಿ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ಆ ಒಳ್ಳೆಯ ಹೊತ್ತನ್ನು ಉದ್ದ ಮಾಡುತ್ತದೆ. ನಡುಕ ಒಂದಕ್ಕೆ ಮಾತ್ರ ವಿನಾಯಿತಿ ಇದೆ, ಮಾತ್ರೆಗೆ ಬಗ್ಗದ ನಡುಕವೂ ಡಿಬಿಎಸ್‌ಗೆ ಬಗ್ಗುವುದುಂಟು.

ಏನಿದು, ಎಲ್ಲಿಂದ ಬಂತು

ಡಿಬಿಎಸ್ ಅಂದರೆ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಮೆದುಳಿನ ಆಳದ ಒಂದು ಚಿಕ್ಕ ಜಾಗಕ್ಕೆ ಸಣ್ಣ ವಿದ್ಯುತ್ ಮಿಡಿತಗಳನ್ನು ಬಿಡುವುದು. ಇದರಲ್ಲಿ ಮೂರು ಭಾಗಗಳಿವೆ. ಮೆದುಳಿನೊಳಗೆ ಇಳಿಯುವ ಲೀಡ್ ಒಂದು, ಸುಮಾರು 1.3 ಮಿಲಿಮೀಟರ್ ದಪ್ಪ, ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು ಲೋಹದ ಕಾಂಟ್ಯಾಕ್ಟ್‌ಗಳು. ಕಿವಿಯ ಹಿಂದಿನಿಂದ ಕತ್ತಿನ ಚರ್ಮದ ಕೆಳಗೆ ಇಳಿದು ಬರುವ ತಂತಿ ಇನ್ನೊಂದು. ಎದೆಯ ಮೇಲ್ಭಾಗದಲ್ಲಿ, ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಕೂರುವ ಬ್ಯಾಟರಿ ಪೆಟ್ಟಿಗೆ ಮೂರನೆಯದು. ಹೃದಯದ ಪೇಸ್‌ಮೇಕರ್ ನೋಡಿದವರಿಗೆ ಈ ಪೆಟ್ಟಿಗೆ ಹೊಸದೇನೂ ಅನ್ನಿಸುವುದಿಲ್ಲ.

ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಮುಂಚೆ ನಡುಕ ನಿಲ್ಲಿಸಲು ಮೆದುಳಿನ ಥಲಾಮಸ್‌ನ ಒಂದು ಚುಕ್ಕೆಯನ್ನು ಸುಟ್ಟುಬಿಡುತ್ತಿದ್ದರು. ಸುಡುವ ಮೊದಲು ಸರಿಯಾದ ಜಾಗವೇ ಹೌದಾ ಎಂದು ಕರೆಂಟ್ ಕೊಟ್ಟು ನೋಡುವ ಪದ್ಧತಿ ಇತ್ತು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಾಬಿದ್ ಎಂಬ ಸರ್ಜನ್, ಮಿಡಿತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿಗೆ ಏರಿಸಿದರೆ ಸುಡದೆಯೇ ನಡುಕ ನಿಲ್ಲುತ್ತದೆ ಎಂದು ಕಂಡರು. ಕರೆಂಟ್ ತೆಗೆದರೆ ನಡುಕ ವಾಪಸ್. ಹಾಗಾದರೆ ಸುಡುವುದೇಕೆ, ತಂತಿಯನ್ನು ಅಲ್ಲೇ ಬಿಟ್ಟರಾಯಿತಲ್ಲ! ಅದೇ ಹೊತ್ತಿಗೆ ಅಮೆರಿಕದ ಮಾಲನ್ ಡಿಲಾಂಗ್ ಅವರ ತಂಡ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಜಾಗ ಪಾರ್ಕಿನ್‌ಸನ್‌ನಲ್ಲಿ ಅತಿಯಾಗಿ ಕೆಲಸ ಮಾಡುತ್ತದೆ ಎಂದು ಕೋತಿಗಳಲ್ಲಿ ತೋರಿಸಿತು. 1993ರಲ್ಲಿ ಗ್ರೆನೋಬಲ್ ತಂಡ ಅಲ್ಲಿಗೇ ಲೀಡ್ ಇಳಿಸಿತು, ನಡುಕದ ಜೊತೆಗೆ ಬಿಗಿತವೂ ನಿಧಾನವೂ ಕಡಿಮೆಯಾದವು. ಅಮೆರಿಕದ ಔಷಧ ಮತ್ತು ವೈದ್ಯಕೀಯ ಯಂತ್ರಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಮುಂದುವರಿದ ಪಾರ್ಕಿನ್‌ಸನ್‌ಗೆ ಒಪ್ಪಿಗೆ ಕೊಟ್ಟಿತು.

ಕಾಯಿಲೆಯನ್ನು ಇದು ವಾಸಿ ಮಾಡುವುದಿಲ್ಲ. ಮೈಯ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ಮಾಡುವ ಮೆದುಳಿನ ಜೀವಕೋಶಗಳು ಸಾಯುವುದು ನಡೆದೇ ಇರುತ್ತದೆ.

ಹೆಜ್ಜೆ 1: ಮೂರು ದಿನ ಡೈರಿ ಬರೆಯಿರಿ

ಡಾಕ್ಟರ ಮುಂದೆ ಹತ್ತು ನಿಮಿಷ ಕೂತಾಗ ಕಾಯಿಲೆಯ ಅಸಲಿ ಮುಖ ಕಾಣುವುದೇ ಇಲ್ಲ. ಆಗ ತಾನೇ ಮಾತ್ರೆ ತಗೊಂಡು ಹೋಗಿರುತ್ತೀರಿ, ಚೆನ್ನಾಗಿ ನಡೆದು ತೋರಿಸುತ್ತೀರಿ, ಮನೆಗೆ ಬಂದು ಸೋಫಾದಿಂದ ಏಳಲು ಆಗುವುದಿಲ್ಲ. ಅದಕ್ಕೇ ಡೈರಿ. ಭೇಟಿಗೆ ಮೊದಲು ಸತತ ಮೂರು ದಿನ, ಪ್ರತಿ ಅರ್ಧ ಗಂಟೆಗೆ ಒಂದು ಗುರುತು ಹಾಕಿ. ನಿದ್ದೆ, ಆಫ್, ಅಂದರೆ ಮಾತ್ರೆ ಇಳಿದು ಮೈ ಕಟ್ಟಿಹಾಕಿದಂತಾದ ಹೊತ್ತು, ಆನ್, ಅಂದರೆ ಚೆನ್ನಾಗಿ ಓಡಾಡುವ ಹೊತ್ತು, ಮತ್ತೆ ಆನ್ ಇದ್ದೂ ಕೈಕಾಲು ತಾನಾಗಿ ಹೊರಳಾಡಿ ಕಾಟ ಕೊಡುವ ಹೊತ್ತು. ಈ ಹೊರಳಾಟಕ್ಕೆ ಡಿಸ್ಕೈನೀಸಿಯಾ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಇದನ್ನೇ ನಡುಕ ಅಂದುಕೊಂಡಿರುತ್ತಾರೆ, ಎರಡೂ ಬೇರೆ. ಗೊತ್ತಾಗದಿದ್ದರೆ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆದು ಗಂಟೆ ಬರೆದಿಡಿ.

ಸಾಧ್ಯವಾದಷ್ಟೂ ಕಾಯಿಲೆಯವರೇ ಬರೆಯಲಿ. ಅಪ್ಪನ ಡೈರಿ ಈಗಲೂ ನನ್ನ ಹತ್ತಿರ ಇದೆ. ಬೆಳಗ್ಗೆ ಒಂಬತ್ತರ ಸಾಲಿನಲ್ಲಿ ಅಕ್ಷರಗಳು ಗೆರೆ ಮುಟ್ಟುತ್ತವೆ. ಹನ್ನೊಂದಕ್ಕೆ ಅರ್ಧಕ್ಕೆ ಇಳಿಯುತ್ತವೆ. ಹನ್ನೊಂದೂವರೆಯ "ಆಫ್" ಇರುವೆ ಸಾಲಿನ ಹಾಗೆ, ಕೊನೆಯಲ್ಲಿ ಫ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಮತ್ತೆ ಮಾತ್ರೆ, ಮತ್ತೆ ಹನ್ನೆರಡೂವರೆಗೆ ದೊಡ್ಡ ಅಕ್ಷರ. ಡಾಕ್ಟರು ಅದರಲ್ಲಿ ಬರೆದಿದ್ದನ್ನು ಓದುವ ಮೊದಲು ಪುಟವನ್ನು ದೂರ ಹಿಡಿದು ನೋಡಿದರು. ಇಡೀ ದಿನದ ಏರಿಳಿತ ಅಕ್ಷರದ ಗಾತ್ರದಲ್ಲೇ ಇತ್ತು.

ಹೆಜ್ಜೆ 2: ಲೆಕ್ಕ ನೋಡಿ, ಆಮೇಲೆ ಮಾತ್ರೆ ಪರೀಕ್ಷೆ

ಡೈರಿ ಕೈಯಲ್ಲಿದ್ದರೆ ಒಂದು ಸುಲಭ ಲೆಕ್ಕ ಹಾಕಬಹುದು, ಡಾಕ್ಟರುಗಳು 5-2-1 ಅನ್ನುತ್ತಾರೆ. ದಿನಕ್ಕೆ 5 ಅಥವಾ ಜಾಸ್ತಿ ಸಲ ಲೆವೊಡೋಪಾ, ಅಂದರೆ ಪಾರ್ಕಿನ್‌ಸನ್‌ನ ಮುಖ್ಯ ಮಾತ್ರೆ, ಬೇಕಾಗುತ್ತಿದೆಯಾ? ದಿನದಲ್ಲಿ 2 ಗಂಟೆ ಅಥವಾ ಜಾಸ್ತಿ ಆಫ್ ಇದೆಯಾ? ಕಾಟ ಕೊಡುವ ಹೊರಳಾಟ 1 ಗಂಟೆ ಅಥವಾ ಜಾಸ್ತಿ ಇದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಕಾಯಿಲೆ ಮುಂದುವರಿದ ಹಂತಕ್ಕೆ ಬಂದಿರಬಹುದು, ಡಿಬಿಎಸ್‌ನಂಥ ದಾರಿಗಳ ಬಗ್ಗೆ ಮಾತಾಡುವ ಹೊತ್ತಾಗಿದೆ ಎಂದರ್ಥ. ಆಪರೇಷನ್ ಮಾಡಿಸಲೇಬೇಕು ಎಂದಲ್ಲ.

ಆಮೇಲಿನದು ಲೆವೊಡೋಪಾ ಪರೀಕ್ಷೆ. ನನ್ನ ಪ್ರಕಾರ ಇಡೀ ದಾರಿಯಲ್ಲಿ ಅತಿ ಮುಖ್ಯವಾದ ಬೆಳಗ್ಗೆ ಇದು. ಹಿಂದಿನ ರಾತ್ರಿಯಿಂದ ಸುಮಾರು 12 ಗಂಟೆ ಪಾರ್ಕಿನ್‌ಸನ್ ಮಾತ್ರೆ ಕೊಡುವುದಿಲ್ಲ. ಬೆಳಗ್ಗೆ ಆಫ್‌ನಲ್ಲೇ ಬೆರಳು ತಟ್ಟಿಸಿ, ಕುರ್ಚಿಯಿಂದ ಎಬ್ಬಿಸಿ, ನಡೆಸಿ ಅಂಕ ಹಾಕುತ್ತಾರೆ. ಆಮೇಲೆ ಮಾತ್ರೆ ಕೊಟ್ಟು, ಅದು ಪೂರ್ತಿ ಹಿಡಿದ ಮೇಲೆ ಅದನ್ನೇ ಮತ್ತೆ ಮಾಡಿಸುತ್ತಾರೆ. ಶೇಕಡಾ 30ಕ್ಕಿಂತ ಜಾಸ್ತಿ ಸುಧಾರಣೆ ಕಂಡರೆ ಒಳ್ಳೆಯ ಲಕ್ಷಣ. ಆ ರಾತ್ರಿ ಕಷ್ಟದ್ದು, ಮಗ್ಗುಲು ಬದಲಿಸಲೂ ಒಬ್ಬರು ಪಕ್ಕದಲ್ಲಿ ಬೇಕು, ಅದನ್ನು ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಮನೆಯವರು ಪರೀಕ್ಷೆಯ ಹೊತ್ತಿಗೆ ಅಲ್ಲೇ ಇರಿ. ಮಾತ್ರೆ ಹಿಡಿದ ಮೇಲೆ ಏನೇನು ಸರಿಯಾಯಿತು, ಏನು ಹಾಗೇ ಉಳಿಯಿತು ಎಂದು ಕಣ್ಣಾರೆ ನೋಡಿ. ಹಾಗೇ ಉಳಿದದ್ದು ಆಪರೇಷನ್ ಆದ ಮೇಲೂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಮಾತ್ರೆಗೆ ಏನೂ ಬದಲಾಗದಿದ್ದರೆ ಡಾಕ್ಟರಿಗೆ ಬೇರೆ ಅನುಮಾನ ಬರುತ್ತದೆ. ಪಾರ್ಕಿನ್‌ಸನ್ ಹಾಗೇ ಕಾಣುವ ಎಂಎಸ್‌ಎ, ಪಿಎಸ್‌ಪಿ ಎಂಬ ಬೇರೆ ಕಾಯಿಲೆಗಳಿವೆ, ಅವುಗಳಲ್ಲಿ ಡಿಬಿಎಸ್ ಪ್ರಯೋಜನಕ್ಕೆ ಬರುವುದಿಲ್ಲ. ಕಾಯಿಲೆ ಶುರುವಾಗಿ ನಾಲ್ಕೈದು ವರ್ಷವಾದರೂ ಆಗಲಿ ಎಂದು ಕಾಯುವುದಕ್ಕೆ ಇದೂ ಒಂದು ಕಾರಣ, ಅಷ್ಟರಲ್ಲಿ ಈ ಬೇರೆ ಕಾಯಿಲೆಗಳು ತಮ್ಮ ಬಣ್ಣ ತೋರಿಸಿರುತ್ತವೆ.

ಹಾಗಂತ ಕೈಕಾಲು ಪೂರ್ತಿ ಸೋಲುವವರೆಗೆ ಕಾಯುವುದೂ ತಪ್ಪು. 2013ರಲ್ಲಿ ಬಂದ ಅರ್ಲಿಸ್ಟಿಮ್ ಎಂಬ ಅಧ್ಯಯನದಲ್ಲಿ ಜರ್ಮನಿ ಮತ್ತು ಫ್ರಾನ್ಸಿನ 251 ಜನರಿದ್ದರು, ಏರಿಳಿತ ಶುರುವಾಗಿ ಮೂರು ವರ್ಷ ದಾಟಿರದವರು. ಎರಡು ವರ್ಷದ ಕೊನೆಗೆ ಆಪರೇಷನ್ ಆದವರ ಜೀವನದ ಗುಣಮಟ್ಟ ಸ್ಪಷ್ಟವಾಗಿ ಮೇಲೇರಿತ್ತು, ಬರೀ ಮಾತ್ರೆಯಲ್ಲಿದ್ದವರದ್ದು ಇದ್ದಲ್ಲೇ ಇತ್ತು. "ಇದು ಕೊನೆಯ ಅಸ್ತ್ರ, ಇನ್ನೂ ತಡೆಯೋಣ" ಅನ್ನುವವರು ಎಷ್ಟೋ ಸಲ ನೆನಪಿನ ಶಕ್ತಿ ಕುಗ್ಗುವ ತನಕ ತಡೆಯುತ್ತಾರೆ, ಆಗ ಬಾಗಿಲು ಮುಚ್ಚಿರುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಹೆಜ್ಜೆ 3: ಏನು ಸರಿಹೋಗುವುದಿಲ್ಲ ಎಂದು ಮನೆಯವರೆಲ್ಲ ಕೂತು ಕೇಳಿಸಿಕೊಳ್ಳಿ

ಸರಿಹೋಗುವುದು ನಡುಕ, ಬಿಗಿತ, ನಿಧಾನ, ಆನ್-ಆಫ್ ಏರಿಳಿತ, ಹೊರಳಾಟ. 2009ರಲ್ಲಿ ಅಮೆರಿಕದಿಂದ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಆರು ತಿಂಗಳ ನಂತರ ಹೊರಳಾಟದ ಕಾಟವಿಲ್ಲದ ಒಳ್ಳೆಯ ಹೊತ್ತು ದಿನಕ್ಕೆ ಸರಾಸರಿ 4.6 ಗಂಟೆ ಹೆಚ್ಚಿತ್ತು. ಒಂದು ಇಡೀ ಮಧ್ಯಾಹ್ನ ವಾಪಸ್ ಸಿಕ್ಕಂತೆ. ಗಂಭೀರ ತೊಂದರೆಗಳೂ ಆಪರೇಷನ್ ಆದವರಲ್ಲೇ ಜಾಸ್ತಿ ಇದ್ದವು, ಅದನ್ನೂ ಅದೇ ಅಧ್ಯಯನ ಹೇಳಿದೆ.

ಸರಿಹೋಗದಿರುವುದು: ಮಾತಿನ ಮಂದತೆ, ನುಂಗುವ ತೊಂದರೆ, ಮರೆವು, ಮಲಬದ್ಧತೆ, ಮಾತ್ರೆ ಹಿಡಿದಾಗಲೂ ಬೀಳುವ ಸಮತೋಲನದ ತೊಂದರೆ, ಮಾತ್ರೆ ಹಿಡಿದಾಗಲೂ ಹೆಜ್ಜೆ ನೆಲಕ್ಕೆ ಅಂಟಿಕೊಳ್ಳುವುದು. ಮಾತು ಕೆಲವರಿಗೆ ಆಮೇಲೆ ಇನ್ನೂ ಮಂದವಾಗುತ್ತದೆ.

ಈ ಕಾರಣಕ್ಕೇ ಜ್ಞಾಪಕಶಕ್ತಿ ಮತ್ತು ಮನಸ್ಥಿತಿಯ ಪರೀಕ್ಷೆ ಕಡ್ಡಾಯ. ಒಂದೆರಡು ಗಂಟೆ ಕೂರಿಸಿ ಪಟ್ಟಿ ನೆನಪಿಡುವುದು, ಚಿತ್ರ ಬರೆಯುವುದು, ಲೆಕ್ಕ ಎಲ್ಲ ಮಾಡಿಸುತ್ತಾರೆ. ಡಿಮೆನ್ಷಿಯಾ, ಅಂದರೆ ನೆನಪೂ ಬುದ್ಧಿಶಕ್ತಿಯೂ ಕುಗ್ಗುವ ಕಾಯಿಲೆ, ಇದ್ದರೆ ಆಪರೇಷನ್ ಬೇಡ ಅನ್ನುತ್ತಾರೆ, ಯಾಕೆಂದರೆ ಇನ್ನಷ್ಟು ಹದಗೆಡುವ ಅಪಾಯ ಇದೆ. ಖಿನ್ನತೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಇಲ್ಲಿ ಮುಚ್ಚಿಡಬೇಡಿ. ಜೂಜು, ಮಿತಿಮೀರಿದ ಖರೀದಿ, ಸಾಯುವ ಮಾತು, ಮನೆಯಲ್ಲಿ ಇವುಗಳಲ್ಲಿ ಏನಾದರೂ ಇದ್ದರೆ ಮುಜುಗರ ಬಿಟ್ಟು ಹೇಳಲೇಬೇಕು. ಆಪರೇಷನ್ ಆದ ಮೇಲೆ ಕೆಲವರಲ್ಲಿ ಮನಸ್ಸು ಕುಸಿಯುತ್ತದೆ, ಕೆಲವರಲ್ಲಿ ಹಿಡಿತ ತಪ್ಪುತ್ತದೆ, ಆತ್ಮಹತ್ಯೆಯ ಯೋಚನೆ ಬಂದವರೂ ಇದ್ದಾರೆ. ಮೊದಲೇ ಗೊತ್ತಿದ್ದರೆ ತಂಡ ಕಣ್ಣಿಟ್ಟಿರುತ್ತದೆ.

ಹೆಜ್ಜೆ 4: ತಂಡಕ್ಕೆ ಕೇಳಬೇಕಾದ್ದು

ಯಾವ ಜಾಗಕ್ಕೆ ಲೀಡ್, ಯಾಕೆ ಎಂದು ಕೇಳಿ. ಸಾಮಾನ್ಯವಾಗಿ ಎರಡರಲ್ಲಿ ಒಂದು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಆದರೆ ಮಾತ್ರೆಗಳನ್ನು ಚೆನ್ನಾಗಿ ಇಳಿಸಬಹುದು. ಮೆದುಳಿನ ಆಳದ ಜಿಪಿಐ ಎಂಬ ಇನ್ನೊಂದು ಜಾಗ ಆದರೆ ಮಾತ್ರೆ ಅಷ್ಟಾಗಿ ಇಳಿಯುವುದಿಲ್ಲ, ಆದರೆ ಹೊರಳಾಟವನ್ನು ಅದು ನೇರವಾಗಿ ತಗ್ಗಿಸುತ್ತದೆ, ಮನಸ್ಸು ಮತ್ತು ನೆನಪಿನ ವಿಷಯದಲ್ಲಿ ಅಳುಕಿದ್ದರೆ ಕೆಲವು ತಂಡಗಳು ಇದನ್ನೇ ಆರಿಸುತ್ತವೆ. ಕೈಕಾಲಿನ ಸುಧಾರಣೆಯಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ.

ಬ್ಯಾಟರಿ ಯಾವುದು? ಚಾರ್ಜ್ ಮಾಡದ ಬಗೆ ಸುಮಾರು 3ರಿಂದ 5 ವರ್ಷ ಬರುತ್ತದೆ, ಮುಗಿದಾಗ ಎದೆಯ ಪೆಟ್ಟಿಗೆಯನ್ನು ಸಣ್ಣ ಆಪರೇಷನ್‌ನಲ್ಲಿ ಬದಲಾಯಿಸುತ್ತಾರೆ, ತಲೆಯನ್ನು ಮುಟ್ಟುವುದಿಲ್ಲ. ಚಾರ್ಜ್ ಮಾಡುವ ಬಗೆ ಹತ್ತು ಹದಿನೈದು ವರ್ಷ ಬಾಳುತ್ತದೆ, ಆದರೆ ಮರೆಯದೆ ಚಾರ್ಜರ್ ಹಿಡಿದು ಕೂರಬೇಕು. ಒಬ್ಬರೇ ಇರುವವರು, ಯಂತ್ರ ಅಂದರೆ ಗಾಬರಿಯಾಗುವವರು ಇದನ್ನು ಯೋಚಿಸಿಯೇ ಆರಿಸಲಿ. ಮೆಡ್‌ಟ್ರಾನಿಕ್, ಅಬಾಟ್, ಬೋಸ್ಟನ್ ಸೈಂಟಿಫಿಕ್ ಕಂಪನಿಗಳ ಯಂತ್ರಗಳು ಹೆಚ್ಚು ಬಳಕೆಯಲ್ಲಿವೆ. ಮೆದುಳಿನ ಸಂಕೇತ ಓದಿ ಕರೆಂಟನ್ನು ತಾನೇ ಹೆಚ್ಚು ಕಡಿಮೆ ಮಾಡುವ ಅಡಾಪ್ಟಿವ್ ಬಗೆಗೆ 2025ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಆದರೆ ಹೊಸ ಮಾಡೆಲ್‌ಗೆ ಮನಸೋಲುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಪ್ರೋಗ್ರಾಮಿಂಗ್, ಅಂದರೆ ಆಮೇಲೆ ಯಂತ್ರದ ಕರೆಂಟನ್ನು ಹೊಂದಿಸುವ ಕೆಲಸ, ಯಾರು ಮಾಡುತ್ತಾರೆ, ಅವರು ನಮಗೆ ಎಷ್ಟು ಬೇಗ ಸಿಗುತ್ತಾರೆ?

ಅಪಾಯದ ಲೆಕ್ಕವನ್ನೂ ನೇರವಾಗಿ ಕೇಳಿ, ಅವರ ಸ್ವಂತ ಅನುಭವದ ಲೆಕ್ಕ. ಮೆದುಳಿನಲ್ಲಿ ರಕ್ತಸ್ರಾವ ಸಾಮಾನ್ಯವಾಗಿ ನೂರರಲ್ಲಿ ಒಂದಿಬ್ಬರಿಗೆ ಆಗುತ್ತದೆ, ಅದರಲ್ಲೂ ಎಲ್ಲರಿಗೂ ಶಾಶ್ವತ ತೊಂದರೆ ಉಳಿಯುವುದಿಲ್ಲ. ಸೋಂಕು ಅದಕ್ಕಿಂತ ಜಾಸ್ತಿ, ಬಲಿತರೆ ಯಂತ್ರವನ್ನೇ ಹೊರತೆಗೆಯಬೇಕಾಗಬಹುದು. ತಂತಿ ತುಂಡಾಗುವುದು, ಜಾಗ ಬಿಟ್ಟು ಸರಿಯುವುದೂ ಇದೆ. ಡಿಬಿಎಸ್ ಬೇಡವಾದರೆ ಬೇರೆ ದಾರಿ ಏನು ಅಂತಲೂ ಕೇಳಿ. ಕರುಳಿಗೆ ನೇರ ಲೆವೊಡೋಪಾ ಜೆಲ್ ಬಿಡುವ ಪಂಪ್, ಚರ್ಮದ ಕೆಳಗೆ ಅಪೊಮಾರ್ಫಿನ್ ಎಂಬ ಔಷಧ ಬಿಡುವ ಪಂಪ್, ತಲೆ ತೆರೆಯದೆ ಮಾಡುವ ಫೋಕಸ್ಡ್ ಅಲ್ಟ್ರಾಸೌಂಡ್ ಇವೆ. ಕೊನೆಯದು ಮೆದುಳಿನ ಒಂದು ಚುಕ್ಕೆಯನ್ನು ಸುಡುವ ವಿಧಾನ, ಮತ್ತೆ ಹಿಂದಕ್ಕೆ ತರಲಾಗುವುದಿಲ್ಲ.

ಹೆಜ್ಜೆ 5: ಆಪರೇಷನ್ ದಿನ

ಹೆದರಿಕೆ ಎಲ್ಲ ಇಲ್ಲೇ ಅಲ್ವಾ. ಆದರೆ ಆ ಎಚ್ಚರ ಇರುವ ಭಾಗ ಅಂದುಕೊಂಡಷ್ಟು ಘೋರ ಅಲ್ಲ. ಮೆದುಳಿಗೆ ನೋವು ಗೊತ್ತಾಗುವುದಿಲ್ಲ, ನೋವಾಗುವುದು ಚರ್ಮಕ್ಕೆ, ಅದನ್ನು ಮರಗಟ್ಟಿಸಿರುತ್ತಾರೆ. ತಲೆಗೆ ಒಂದು ಲೋಹದ ಚೌಕಟ್ಟು ಬಿಗಿದು ಸ್ಕ್ಯಾನ್ ಮಾಡುತ್ತಾರೆ. ಬಿಗಿಯುವ ಆ ಕೆಲವು ನಿಮಿಷಗಳೇ ಜಾಸ್ತಿ ಕಷ್ಟ ಅಂತ ಅಪ್ಪ ಹೇಳಿದರು. ಡ್ರಿಲ್ಲಿನ ಸದ್ದು ತಲೆಯೊಳಗೇ ಗುಂಯ್‌ಗುಡುತ್ತದೆ. ಆಮೇಲೆ ಕೂದಲೆಳೆಯಂಥ ಎಲೆಕ್ಟ್ರೋಡ್ ಇಳಿಸುತ್ತಾ ನರಕೋಶಗಳ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತಾರೆ. ಸ್ಟೇಷನ್ ಸಿಗದ ರೇಡಿಯೋ ಥರ ಚರಪರ ಅನ್ನುತ್ತಿದ್ದದ್ದು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಒಳಗೆ ಹೊಕ್ಕ ಕೂಡಲೇ ಜೋರಾಗುತ್ತದೆ. ಒಂದು ಕಾಳಿನಷ್ಟು ಚಿಕ್ಕ ಜಾಗ ಅದು, ಸಿಕ್ಕಿತು ಎಂದು ಗೊತ್ತಾಗುವುದು ಹೀಗೆ. ಆಗ ಕರೆಂಟ್ ಬಿಟ್ಟು "ಮುಷ್ಟಿ ಬಿಗಿಯಿರಿ, ಬಿಡಿ, ಒಂದರಿಂದ ಹತ್ತು ಎಣಿಸಿ" ಅನ್ನುತ್ತಾರೆ. ಕೈ ಸಡಿಲವಾದರೆ ಸರಿ, ಎಣಿಕೆ ತೊದಲಿದರೆ ಜಾಗ ತುಸು ಬದಲಿಸುತ್ತಾರೆ.

ಈಗ ಪೂರ್ತಿ ಅರಿವಳಿಕೆ ಕೊಟ್ಟು, ಎಂಆರ್‌ಐ ಅಥವಾ ಸಿಟಿ ನೋಡಿಕೊಂಡೇ ಲೀಡ್ ಇಡುವ ಕೇಂದ್ರಗಳೂ ಸಾಕಷ್ಟಿವೆ. ಎಚ್ಚರ ಇರುವುದು ನಿಮ್ಮಿಂದ ಆಗುವುದೇ ಇಲ್ಲ ಅಂದರೆ ಅದನ್ನು ಹೇಳಿ, ಅದೊಂದಕ್ಕೇ ಆಪರೇಷನ್ ಬೇಡ ಅನ್ನಬೇಡಿ. ಎದೆಯ ಪೆಟ್ಟಿಗೆಯನ್ನು ಅರಿವಳಿಕೆಯಲ್ಲೇ ಇಡುತ್ತಾರೆ, ಅದೇ ದಿನ ಅಥವಾ ಕೆಲವು ದಿನ ಬಿಟ್ಟು. ರಕ್ತ ತೆಳು ಮಾಡುವ ಮಾತ್ರೆ, ಆಸ್ಪಿರಿನ್ ಇದ್ದರೆ ಮೊದಲೇ ತಿಳಿಸಿ, ಯಾವಾಗ ನಿಲ್ಲಿಸಬೇಕು ಎಂದು ಅವರು ಹೇಳುತ್ತಾರೆ.

ಇನ್ನೊಂದು ವಿಷಯ. ಯಂತ್ರ ಆನ್ ಮಾಡುವ ಮೊದಲೇ ಕೆಲವು ದಿನ ಕೈಕಾಲು ತುಂಬಾ ಹಗುರ ಅನ್ನಿಸಬಹುದು. ಲೀಡ್ ಇಳಿದಾಗ ಆ ಜಾಗ ಸ್ವಲ್ಪ ಊದಿಕೊಂಡದ್ದರ ಪರಿಣಾಮ ಅದು. ಕೆಲವು ವಾರಗಳಲ್ಲಿ ಹೋಗುತ್ತದೆ, ಹೋದಾಗ ಆಪರೇಷನ್ ಕೆಟ್ಟಿತು ಎಂದು ಅಳಬೇಡಿ. ನಾವು ಅತ್ತಿದ್ದೆವು.

ಹೆಜ್ಜೆ 6: ಪ್ರೋಗ್ರಾಮಿಂಗ್

ಅಸಲಿ ಕೆಲಸ ಇಲ್ಲಿಂದ ಶುರು. ಹಲವು ಕಡೆ ಎರಡರಿಂದ ನಾಲ್ಕು ವಾರ ಬಿಟ್ಟು ಮೊದಲ ಸಲ ಆನ್ ಮಾಡುತ್ತಾರೆ. ಆ ದಿನ ಬೆಳಗ್ಗೆ ಮಾತ್ರೆ ಇಲ್ಲದೆ ಹೋಗಬೇಕಾಗಬಹುದು, ಮಾತ್ರೆಯನ್ನು ಜೊತೆಗೆ ತಗೊಂಡೇ ಹೋಗಿ. ಮಿಡಿತ ಸಾಮಾನ್ಯವಾಗಿ ಸೆಕೆಂಡಿಗೆ 130, ಪ್ರತಿ ಮಿಡಿತ 60 ಮೈಕ್ರೋಸೆಕೆಂಡ್. ಒಂದೊಂದೇ ಕಾಂಟ್ಯಾಕ್ಟ್ ಹಿಡಿದು ಕರೆಂಟನ್ನು ಅರ್ಧ ಅರ್ಧ ಮಿಲಿಆಂಪ್ ಏರಿಸುತ್ತಾ ಹೋಗುತ್ತಾರೆ.

ಅಪ್ಪನ ಮಣಿಕಟ್ಟು ಡಾಕ್ಟರ ಕೈಯಲ್ಲಿತ್ತು, ಅದನ್ನು ಮೆಲ್ಲಗೆ ತಿರುಗಿಸುತ್ತಾ ಇದ್ದರು. ಒಂದು, ಒಂದೂವರೆ. ಎರಡಕ್ಕೆ ಬಂದಾಗ ಹಲ್ಲು ಹಲ್ಲಾಗಿ ತಡೆಯುತ್ತಿದ್ದ ಮಣಿಕಟ್ಟು ಎಣ್ಣೆ ಬಿಟ್ಟಂತೆ ತಿರುಗಿತು. ಎರಡೂವರೆಗೆ ಬೆರಳಲ್ಲಿ ಜುಮ್ ಅಂದಿತು, ಒಂದು ನಿಮಿಷದಲ್ಲಿ ಹೋಯಿತು. ಮೂರೂವರೆಗೆ ಬಾಯಿಯ ಒಂದು ಮೂಲೆ ಎಳೆಯಿತು, ಮಾತು ಅಂಟಂಟಾಯಿತು. ತಕ್ಷಣ ಇಳಿಸಿದರು. ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಆ ಚಿಕ್ಕ ಜಾಗದ ಅಕ್ಕಪಕ್ಕದಲ್ಲಿ ಬೇರೆ ನರಗಳ ಹಾದಿಗಳಿವೆ, ಕರೆಂಟ್ ಅತ್ತ ಹರಡಿದರೆ ಮುಖ ಎಳೆಯುತ್ತದೆ, ಇತ್ತ ಹರಡಿದರೆ ಜುಮ್ಮೆನ್ನುತ್ತದೆ, ಇನ್ನೊಂದು ಕಡೆ ಹರಡಿದರೆ ಕಣ್ಣಿಗೆ ಎರಡೆರಡು ಕಾಣುತ್ತದೆ. ಎಷ್ಟಕ್ಕೆ ಗುಣ, ಎಷ್ಟಕ್ಕೆ ತೊಂದರೆ ಎಂಬ ಅಂತರವನ್ನೇ ಅವರು ಅಳೆಯುತ್ತಿರುತ್ತಾರೆ. ಹಾಗಾಗಿ ಸುಮ್ನೆ ಸಹಿಸಿಕೊಂಡು ಕೂರಬೇಡಿ, ಚಿಕ್ಕ ಬದಲಾವಣೆ ಆದರೂ ಬಾಯಿಬಿಟ್ಟು ಹೇಳಿ.

ನಡುಕ, ಬಿಗಿತ ಕರೆಂಟ್ ಬಿಟ್ಟ ಕೆಲವೇ ನಿಮಿಷಗಳಲ್ಲಿ ತಗ್ಗಬಹುದು. ನಿಧಾನ ಮತ್ತು ನಡಿಗೆ ಗಂಟೆಗಟ್ಟಲೆ, ದಿನಗಟ್ಟಲೆ ತಗೊಳ್ಳುತ್ತವೆ. ಹೊಂದಿಸಿ ಮುಗಿಸಲು ಮೂರರಿಂದ ಆರು ತಿಂಗಳು, ನಾಲ್ಕಾರು ಭೇಟಿ ಬೇಕು. ಕರೆಂಟ್ ಏರಿದಂತೆ ಮಾತ್ರೆ ಇಳಿಯುತ್ತದೆ, ಆದರೆ ಅವಸರದಲ್ಲಿ ತುಂಬಾ ಇಳಿಸಿದರೆ ಉತ್ಸಾಹವೇ ಇಂಗಿಹೋದವರಂತೆ ಆಗಿಬಿಡುತ್ತಾರೆ. "ಅಪ್ಪ ಚೆನ್ನಾಗಿ ನಡೀತಾರೆ, ಆದರೆ ಯಾವುದರಲ್ಲೂ ಆಸಕ್ತಿ ಇಲ್ಲ" ಅನ್ನಿಸಿದರೆ ಅದು ಸ್ವಭಾವ ಅಲ್ಲ, ಡಾಕ್ಟರಿಗೆ ಹೇಳಬೇಕಾದ ಲಕ್ಷಣ. ಹಾಗೇ ವಿಪರೀತ ಮಾತು, ನಿದ್ದೆ ಇಲ್ಲದ ಖುಷಿ, ಸಿಟ್ಟು ಕಂಡರೂ ಹೇಳಿ. ತೂಕ ಏರುವುದು ಸಾಮಾನ್ಯ, ಮೊದಲ ತಿಂಗಳಿಂದಲೇ ಗಮನವಿಡಿ.

ಹೆಜ್ಜೆ 7: ಯಂತ್ರದ ಜೊತೆ ಇರುವುದು

ಒಂದು ಮಾತು ಗೋಡೆಯ ಮೇಲೆ ಬರೆದಿಡಿ: ಡಯಾಥರ್ಮಿ ಬೇಡವೇ ಬೇಡ. ಫಿಸಿಯೋಥೆರಪಿಯಲ್ಲಿ ಮೈಯೊಳಗೆ ಬಿಸಿ ಕೊಡುವ ಯಂತ್ರ ಅದು. ಅದರ ಶಕ್ತಿ ತಂತಿ ಹಿಡಿದು ಮೆದುಳಿಗೆ ಹೋಗಿ ಅಲ್ಲಿ ಸುಡುತ್ತದೆ, ಮಂಡಿನೋವಿಗೆ ಅಂತ ಕೊಟ್ಟರೂ ಅಪಾಯವೇ. ಎಂಆರ್‌ಐ ಮಾಡಿಸಬೇಕಾದರೆ ಯಂತ್ರದ ಮಾಡೆಲ್ ನೋಡಿ, ಡಿಬಿಎಸ್ ತಂಡವನ್ನು ಕೇಳಿಯೇ ಮಾಡಿಸಿ. ಬೇರೆ ಯಾವುದೇ ಆಪರೇಷನ್ ಇದ್ದರೂ, ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಯಂತ್ರ ಇದೆ ಎಂದು ಮೊದಲು ಹೇಳಿ. ಯಂತ್ರದ ಕಾರ್ಡ್ ಸದಾ ಜೇಬಿನಲ್ಲಿರಲಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೋರಿಸಿ.

ನೀರಿನ ವಿಷಯ ಹೆಚ್ಚಿನವರಿಗೆ ಯಾರೂ ಹೇಳುವುದಿಲ್ಲ. 2019ರಲ್ಲಿ ಜ್ಯೂರಿಕ್‌ನ ಡಾಕ್ಟರುಗಳು ಒಂಬತ್ತು ಜನರ ಬಗ್ಗೆ ವರದಿ ಮಾಡಿದರು. ಎಲ್ಲರೂ ಚೆನ್ನಾಗಿ ಈಜು ಬಲ್ಲವರು, ಡಿಬಿಎಸ್ ಆದ ಮೇಲೆ ಈಜಲಾಗದೆ ಹೋದರು. ಒಬ್ಬರು ನಂಬಿಕೆಯಿಂದ ಸರೋವರಕ್ಕೆ ಹಾರಿ, ಬೇರೆಯವರು ಎಳೆದು ದಡಕ್ಕೆ ತರಬೇಕಾಯಿತು. ಕೈಕಾಲು ಚೆನ್ನಾಗಿ ಆಡುತ್ತಿದ್ದವು, ಜೋಡಿಸಿ ಆಡಿಸುವುದು ಮಾತ್ರ ಬರಲಿಲ್ಲ. ಈಜುವವರಿದ್ದರೆ ಮೊದಲ ಸಲ ಕಾಲು ನೆಲಕ್ಕೆ ತಾಕುವ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರಿದ್ದಾಗ ಮಾತ್ರ ನೋಡಲಿ.

ಬ್ಯಾಟರಿ ಮಟ್ಟವನ್ನು ರಿಮೋಟ್‌ನಲ್ಲಿ ಆಗಾಗ ನೋಡುತ್ತಿರಿ. ವರ್ಷಗಟ್ಟಲೆ ನಡೆದ ಯಂತ್ರ ಒಮ್ಮೆಲೇ ನಿಂತರೆ ಮೈ ಮರದಂತೆ ಬಿಗಿದು ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು, ಆಗ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಲಕ್ಷಣಗಳೆಲ್ಲ ವಾಪಸ್ ಬಂದರೆ ಮೊದಲು ಯಂತ್ರ ಆನ್ ಇದೆಯಾ ನೋಡಿ. ಗಾಯದ ಜಾಗ ಕೆಂಪಾದರೆ, ಕೀವು ಬಂದರೆ, ತಂತಿಯ ಮೇಲಿನ ಚರ್ಮ ತೆಳ್ಳಗಾದರೆ ಅದೇ ದಿನ ತೋರಿಸಿ.

ಆರು ತಿಂಗಳಾದ ಮೇಲೆ ಮತ್ತೆ ಮೂರು ದಿನ ಅದೇ ಡೈರಿ ಬರೆಯಿಸಿ, ಹಳೆಯದರ ಪಕ್ಕ ಇಟ್ಟು ಪ್ರೋಗ್ರಾಮ್ ಮಾಡುವವರಿಗೆ ತೋರಿಸಿ. ಬಾಯಿಮಾತಿಗಿಂತ ಅದು ಅವರಿಗೆ ಜಾಸ್ತಿ ಉಪಯೋಗ. ಅಪ್ಪನ ಎರಡನೇ ಡೈರಿಯಲ್ಲಿ ಹನ್ನೊಂದೂವರೆಗೂ, ಸಂಜೆ ನಾಲ್ಕಕ್ಕೂ ಅಕ್ಷರಗಳು ಗೆರೆ ಮುಟ್ಟಿಕೊಂಡೇ ಇದ್ದವು. "ಫೋನಿನಲ್ಲಿ ನನ್ನ ಮಾತು ಈಗ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ" ಎಂದು ಮೂರನೇ ದಿನದ ಕೆಳಗೆ ಅವರೇ ಒಂದು ಸಾಲು ಬರೆದಿದ್ದರು, ಅದನ್ನು ನೋಡಿ ಡಾಕ್ಟರು ಎಡಗಡೆಯ ಕರೆಂಟನ್ನು ತುಸು ಇಳಿಸಿ ಸ್ಪೀಚ್ ಥೆರಪಿಗೆ ಕಳಿಸಿದರು.